ವಿಯೆನ್ನಾದ ಆ ಅಮ್ಮನಿಗೆ

ಜನವರಿಯ ವಿಯೆನ್ನಾ. ನಾವು ನಾಲ್ವರು ಗೆಳತಿಯರು ಅಲ್ಲಿನ ಕಲಾ ಸಂಗ್ರಹಾಲಯವಾದ ಕುನ್ಸ್ಟ್‌ಹಿಸ್ಟೋರಿಶಸ್ ಮ್ಯೂಸಿಯಂ ಮುಟ್ಟುವಷ್ಟರಲ್ಲಿ ನನ್ನ ಬೂಟಿನ ಅಟ್ಟೆ ಬಾಯಿಬಿಟ್ಟಿತ್ತು. ಹಿಮದ ನೀರಿಗೆ ಕಾಲುಚೀಲ ತೊಯ್ದು ಬೆರಳು ಮರಗಟ್ಟಿದ್ದವು. ಕೋಟು ಇಡುವ ಕೌಂಟರಿನ ಹೆಂಗಸು ಮೊದಲು ನೋಡಿದ್ದೇ ನನ್ನ ಕಾಲನ್ನು. ಕೂರಿಸಿದರು. ತಮ್ಮ ಚೀಲದಿಂದ ದಪ್ಪ ಉಣ್ಣೆಯ ಕಾಲುಚೀಲ ತೆಗೆದುಕೊಟ್ಟರು. ಬೂಟಿನೊಳಗೆ ಪೇಪರ್ ಮಡಚಿ ಹಾಸಿ, ಟೇಪನ್ನು ಮೂರು ಸುತ್ತು ಸುತ್ತಿ, ತುದಿಯನ್ನು ಹೆಬ್ಬೆರಳಿಂದ ಒತ್ತಿ ಒತ್ತಿ ಅಂಟಿಸಿದರು. ನನಗೆ ಜರ್ಮನ್ ಬಾರದು. ದುಡ್ಡು ಕೊಡಹೋದರೆ ಕೈ ಅಡ್ಡ ಹಿಡಿದರು.

ಮಹಡಿಯ ಮೇಲೆ ಚಿತ್ರಕಾರ ಬ್ರೂಗೆಲ್ 1565ರಲ್ಲಿ ಬರೆದ ಚಿತ್ರ: ಹಿಮದಲ್ಲಿ ಕಾಲೆಳೆಯುತ್ತಾ ಊರಿಗೆ ಮರಳುವ ಬೇಟೆಗಾರರು. ಬೆಚ್ಚಗಿನ ಕಾಲಲ್ಲಿ ಅದರ ಮುಂದೆ ಅರ್ಧ ಗಂಟೆ ನಿಂತೆ.

ಹೊರಡುವಾಗ ಅವರ ಪಾಳಿ ಮುಗಿದಿತ್ತು. ಕಾಲುಚೀಲ ಇನ್ನೂ ನನ್ನ ಬಳಿಯೇ ಇದೆ ಅಮ್ಮಾ. ತುಂಬಾ ಥ್ಯಾಂಕ್ಸ್.