ಮಾತ್ರೆ ಕೇಳಿದರೆ ಮನೋಬಲದ ಪಾಠ ಹೇಳುತ್ತೀರಾ?

ಸಂಪಾದಕರಿಗೆ,

ಬುಧವಾರ ಮೂರನೇ ಪುಟದಲ್ಲಿ ಬಂದ ನಮ್ಮೂರ ಸರ್ಕಾರಿ ಆಸ್ಪತ್ರೆಯ ಸುದ್ದಿ ಓದಿದೆ. ಓದಿದ ಮೇಲೆ ಅನ್ನ ಇಳಿಯಲಿಲ್ಲ. ಮಾನಸಿಕ ಕಾಯಿಲೆಯ ಮಾತ್ರೆ ಮೂರು ವಾರದಿಂದ ಇಲ್ಲ ಅನ್ನುವುದು ನಮಗೇನು ಹೊಸದಲ್ಲ. ಆ ಕಿಟಕಿ ಮುಂದೆ ನಿಂತು ಬರಿಗೈಲಿ ಬಂದವರು ನಾವೇ. ಆದರೆ ಅಧಿಕಾರಿಗಳು ನಿಮ್ಮ ವರದಿಗಾರರಿಗೆ ಕೊಟ್ಟ ಉತ್ತರ ಇದೆಯಲ್ಲ, "ಎರಡು ವಾರ ಮಾತ್ರೆ ತಪ್ಪಿದರೆ ಏನೂ ಆಗುವುದಿಲ್ಲ, ಮನೋಬಲ ಬೆಳೆಸಿಕೊಳ್ಳಬೇಕು" ಅಂತ, ಅದನ್ನು ಓದಿ ಸುಮ್ನೆ ಕೂರಲು ಆಗಲಿಲ್ಲ.

ನನ್ನ ತಮ್ಮನಿಗೆ ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಮಿತಿಮೀರಿ ಏರಿ ಒಮ್ಮೆ ಪೂರ್ತಿ ಕುಗ್ಗಿಹೋಗುವ ಕಾಯಿಲೆ. ಐದು ವರ್ಷದಿಂದ ಅದನ್ನು ಹದದಲ್ಲಿಡುವ ಲಿಥಿಯಂ ಮಾತ್ರೆ ನುಂಗುತ್ತಿದ್ದಾನೆ. ಬೆಳಿಗ್ಗೆ ಅಂಗಡಿ ಕೆಲಸಕ್ಕೆ ಹೋಗಿ, ರಾತ್ರಿ ಬಂದು ಉಂಡು ಮಲಗುವ ಹುಡುಗ. ಮಾತ್ರೆಯಿಂದ ಕೈ ಸ್ವಲ್ಪ ನಡುಗುತ್ತದೆ, ಅದಕ್ಕೆ ಅವನಿಗೆ ಟೀ ಅರ್ಧ ಲೋಟ ಮಾತ್ರ ಹಾಕಿ ಕೊಡುತ್ತೇವೆ. ಅಷ್ಟು ಬಿಟ್ಟರೆ ಚೆನ್ನಾಗಿದ್ದ. ಈ ತಿಂಗಳ ಮೊದಲ ಮಂಗಳವಾರ ಔಷಧಿ ಕಿಟಕಿಯ ಮೇಲೆ 'ಸ್ಟಾಕ್ ಇಲ್ಲ' ಚೀಟಿ. ಮುಂದಿನ ವಾರ ಬರುತ್ತೆ ಅಂದರು. ಮುಂದಿನ ವಾರವೂ ಅದೇ ಚೀಟಿ, ಅದೇ ಮಾತು. ನಾನು ಅತಿಥಿ ಶಿಕ್ಷಕಿ. ರಜೆ ಹಾಕಿದ ದಿನದ ಸಂಬಳ ಇಲ್ಲ. ಮೂರು ಮಂಗಳವಾರ, ಮೂರು ದಿನದ ಸಂಬಳ ಹೋಯಿತು.

ಮೂರನೇ ವಾರ ಅವನು ನಿದ್ದೆ ಬಿಟ್ಟ. ರಾತ್ರಿ ಮೂರು ಗಂಟೆಗೆ ನೀರಿನ ಸದ್ದು ಕೇಳಿ ಎದ್ದು ನೋಡಿದರೆ ಅಂಗಳದಲ್ಲಿ ಬೈಕ್ ತೊಳೆಯುತ್ತಿದ್ದಾನೆ. ಹೋಗಿ ಕೈ ಹಿಡಿದೆ. "ಅಕ್ಕಾ, ನುಗ್ಗೆ ಎಲೆ ನೋಡು, ಒಂದೊಂದೂ ಹೊಳೀತಿದೆ, ನಿಂಗೆ ಕಾಣ್ತಿಲ್ವಾ?" ಅಂದ. ನಮ್ಮ ಬೀದಿ ದೀಪ ಕೆಟ್ಟು ನಾಲ್ಕು ತಿಂಗಳಾಯಿತು. ಆ ಕತ್ತಲಲ್ಲಿ ನನಗೆ ಮರವೇ ಕಾಣುತ್ತಿರಲಿಲ್ಲ. ಬೆಳಗಿನ ಮೊದಲ ಬಸ್ಸು ಹಾರ್ನ್ ಹೊಡೆದಾಗ ಅದು ತನ್ನನ್ನೇ ಕರೆಯುತ್ತಿದೆ ಅಂತ ಹೊರಟುಬಿಟ್ಟ. ಅಮ್ಮ ಬಾಗಿಲಿಗೆ ಅಡ್ಡ ಕೂತರು.

ಇಲ್ಲಿ ಮನೋಬಲ ಏನು ಮಾಡಬೇಕಿತ್ತು, ಹೇಳಿ? ಕಣ್ಣಿಗೆ ಬಿದ್ದದ್ದರಲ್ಲಿ, ಕಿವಿಗೆ ಕೇಳಿದ್ದರಲ್ಲಿ ಯಾವುದು ಮುಖ್ಯ, ಯಾವುದನ್ನು ಬಿಡಬಹುದು ಅಂತ ತೂಗಿ ನೋಡುವ ಕೆಲಸದಲ್ಲಿ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕಕ್ಕೆ ದೊಡ್ಡ ಪಾಲಿದೆ. ಅದು ಹದ ತಪ್ಪಿದರೆ ದಾರಿಯಲ್ಲಿ ಹೋಗುವ ಹಾರ್ನ್ ಕೂಡ ನಮಗೇ ಬಂದ ಕರೆಯಂತೆ ಕೇಳಬಹುದು. ಹಾಗೆ ಕೇಳಿಸಿಕೊಂಡವನು ಸುಳ್ಳು ಹೇಳುತ್ತಿಲ್ಲ, ಸೋಮಾರಿಯೂ ಅಲ್ಲ. ಅವನಿಗೆ ನಿಜವಾಗಿ ಹಾಗೇ ಕೇಳುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬೇಡ, ಧೈರ್ಯವಾಗಿರಿ ಅಂತ ಯಾರಾದರೂ ಹೇಳುತ್ತಾರಾ? ಲಿಥಿಯಂ ಈ ಕಾಯಿಲೆಗೆ ಉಪಯೋಗ ಅಂತ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಡಾಕ್ಟರು 1949ರಲ್ಲೇ ಬರೆದರು. ಅದನ್ನು ಒಂದೇ ಸಲ ನಿಲ್ಲಿಸಿದರೆ ಕಾಯಿಲೆ ಜೋರಾಗಿ ಮರುಕಳಿಸಬಹುದು, ಜೀವಕ್ಕೇ ಅಪಾಯವಾಗಬಹುದು ಅಂತಲೂ ಎಷ್ಟೋ ವರ್ಷದಿಂದ ಗೊತ್ತಿರುವ ಸಂಗತಿ.

ಹೊರಗಡೆ ತಗೋಬಹುದಿತ್ತಲ್ವಾ ಅನ್ನಬಹುದು. ಒಂದು ಮಾತ್ರೆ ಬೆಲೆ ಒಂದು ಟೀಗಿಂತ ಕಡಿಮೆ. ಆದರೆ ನಮ್ಮೂರಿನ ಐದು ಮೆಡಿಕಲ್ ಸ್ಟೋರಲ್ಲೂ ಇಲ್ಲ, ಕೇಳುವವರು ಕಡಿಮೆ ಅಂತ ತರಿಸುವುದಿಲ್ಲ. ಕೊನೆಗೆ ಅಮ್ಮ ಶಕ್ತಿ ಯೋಜನೆಯ ಝೀರೋ ಟಿಕೆಟ್ ಹಿಡಿದು 62 ಕಿ.ಮೀ. ದೂರದ ಜಿಲ್ಲಾ ಕೇಂದ್ರಕ್ಕೆ ಹೋದರು. ಮಂಡಿ ನೋವಿನ ಹೆಂಗಸು, ಹೋಗುವಾಗ ಅರ್ಧ ದಾರಿ ನಿಂತೇ ಹೋದರು. ಮಾತ್ರೆ ತಂದರೂ ಮುಗಿಯಲಿಲ್ಲ. ಮತ್ತೆ ಶುರು ಮಾಡಿದ ಮೇಲೆ ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ನೋಡಬೇಕು. ಸಾಮಾನ್ಯವಾಗಿ ಲೀಟರ್‌ಗೆ 0.6ರಿಂದ 1.2 ಮಿಲಿಮೋಲ್ ಒಳಗಿರಬೇಕು, ಕಡಿಮೆಯಾದರೆ ಕೆಲಸ ಮಾಡಲ್ಲ, ಜಾಸ್ತಿಯಾದರೆ ವಿಷ. ಹಿಂದಿನ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಡಬೇಕು. ಈ ಪರೀಕ್ಷೆ ನಮ್ಮ ಆಸ್ಪತ್ರೆಯಲ್ಲಿ ಇಲ್ಲ. ಅದಕ್ಕೂ 62 ಕಿ.ಮೀ.

ಹೋದ ಬೇಸಿಗೆಯದ್ದೂ ಹೇಳಿಬಿಡುತ್ತೇನೆ. ತಮ್ಮ ಬೈಕಿಂದ ಬಿದ್ದು ಇದೇ ಆಸ್ಪತ್ರೆಗೆ ಹೋಗಿದ್ದ. ಲಿಥಿಯಂ ತಗೋತಾನೆ ಅಂತ ನಾನೇ ಎರಡು ಸಲ ಹೇಳಿದೆ. ಅವನ ಚಿಕಿತ್ಸೆಯ ಪುಸ್ತಕ ತೆರೆದೂ ನೋಡದೆ ಐಬುಪ್ರೊಫೆನ್ ಬರೆದುಕೊಟ್ಟರು. ಆ ನೋವಿನ ಮಾತ್ರೆ ರಕ್ತದಲ್ಲಿ ಲಿಥಿಯಂ ಏರಿಸುತ್ತದೆ. ನಾಲ್ಕನೇ ದಿನಕ್ಕೆ ವಾಂತಿ, ನಾಲಿಗೆ ತೊದಲು, ನಡೆದರೆ ತೂರಾಟ. ಎರಡು ದಿನ ಜಿಲ್ಲಾಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಆಗ ಕೊಟ್ಟ ಅರ್ಜಿಗೆ ಇವತ್ತಿಗೂ ಉತ್ತರ ಇಲ್ಲ. ಇನ್ನು ಈ ಆಸ್ಪತ್ರೆಯ ಕುಡಿಯುವ ನೀರಿನ ಫಿಲ್ಟರ್ ಕೆಟ್ಟು ಎರಡು ವರ್ಷ. ಲಿಥಿಯಂ ತಗೊಳ್ಳುವವರ ಮೈಯಲ್ಲಿ ನೀರು ಕಡಿಮೆಯಾಗಬಾರದು, ಅದೂ ಗೊತ್ತಿಲ್ವಾ? ಕೌನ್ಸೆಲಿಂಗ್ ಅಂತ ಬೋರ್ಡ್ ಹಾಕಿದ ಕೋಣೆಯಲ್ಲಿ ಮುರಿದ ಕುರ್ಚಿ ತುಂಬಿಸಿಟ್ಟಿದ್ದಾರೆ. ನಾವು ನಮ್ಮ ಮನೆಯ ಕಷ್ಟವನ್ನು ಕಾರಿಡಾರಲ್ಲಿ ಎಲ್ಲರೆದುರು ಹೇಳಬೇಕು.

ಜಿಲ್ಲೆಯ ಮಟ್ಟದಲ್ಲೇ ಮಾನಸಿಕ ಕಾಯಿಲೆಗೆ ಔಷಧಿ ಕೊಡಬಹುದು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದು ನಮ್ಮದೇ ಬಳ್ಳಾರಿಯಲ್ಲಿ. ಆಮೇಲೆ ಇಡೀ ದೇಶ ಅದನ್ನು ಹಿಡಿಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಓದಿ. ಅಗತ್ಯ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವಾಗಲೂ ಉಚಿತವಾಗಿ ಸಿಗಬೇಕು ಅಂತ ಇದೆ. ಯಾವಾಗಲೂ ಅಂದರೆ ಮುಂದಿನ ವಾರ ಅಂತಲ್ಲ. ಲಿಥಿಯಂ ರಾಷ್ಟ್ರೀಯ ಅಗತ್ಯ ಔಷಧಿ ಪಟ್ಟಿಯಲ್ಲೂ ಇದೆ. ರಾತ್ರಿ ತಡೆಯಲಾಗದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್‌ನವರು ಸಮಾಧಾನವಾಗಿ ಮಾತಾಡಿದರು, ಅವರಿಗೆ ನಮಸ್ಕಾರ. ಆದರೆ ಫೋನಲ್ಲಿ ಮಾತ್ರೆ ಕಳಿಸಲು ಅವರಿಂದ ಆಗುತ್ತದಾ?

ಸಂಬಂಧಪಟ್ಟವರು ಮಾತ್ರೆ ತರಿಸಲಿ. ರಕ್ತ ಪರೀಕ್ಷೆ ಇಲ್ಲೇ ಮಾಡಲಿ. ಬೀದಿ ದೀಪವನ್ನೂ ಸರಿ ಮಾಡಲಿ. ಮನೋಬಲದ ಮಾತು ಆಡಿದವರು ಒಂದೇ ಒಂದು ರಾತ್ರಿ ಅಮ್ಮನ ಜೊತೆ ನಮ್ಮ ಬಾಗಿಲಲ್ಲಿ ಕೂರಲಿ. ನಾಚಿಕೆ ಆಗಬೇಕು ನಿಮಗೆ. ಮಂಗಳವಾರ ನಾನು ಮತ್ತೆ ರಜೆ ಹಾಕಿ ಬರುತ್ತೇನೆ, ಆ ಚೀಟಿ ಕಿಟಕಿ ಮೇಲೆ ಇರಬಾರದು.

– ಒಬ್ಬ ಅಕ್ಕ

(ದಯವಿಟ್ಟು ಹೆಸರು ಹಾಕಬೇಡಿ. ತಮ್ಮನ ಅಂಗಡಿಯವರಿಗೆ ವಿಷಯ ಗೊತ್ತಿಲ್ಲ.)