ವರದಿ ಕಳಿಸುವ ಮೊದಲು ಪುಷ್ಯ ಮಳೆ ನೋಡಿ ಬಾ

ಬಸವನಗುಡಿ, ಬೆಂಗಳೂರು

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಭಾನುವಾರ ನೀನು ಕೊಟ್ಟುಹೋದ ಬೆಟ್ಟದ ರಸ್ತೆಯ ಕರಡು ವರದಿಯನ್ನು ಪೂರ್ತಿ ಓದಿದೆ. ಇಷ್ಟು ದೊಡ್ಡ ಕೆಲಸವನ್ನು ನಿನ್ನನ್ನು ನಂಬಿ ವಹಿಸಿದ್ದಾರೆ ಎಂಬುದು ನನಗೆ ಹೆಮ್ಮೆಯ ಸಂಗತಿ. ನಕ್ಷೆಗಳು ಅಚ್ಚುಕಟ್ಟಾಗಿವೆ, ಖರ್ಚಿನ ಅಂದಾಜಿನಲ್ಲಿ ಎಲ್ಲಿಯೂ ಜಾಳು ಕಾಣಲಿಲ್ಲ. ಆದರೆ ಫೋಟೋಗಳನ್ನು ನೋಡುತ್ತ ಹೋದಂತೆ ಕಳವಳವಾಯಿತು. ಎಲ್ಲದರಲ್ಲೂ ತಿಳಿನೀಲಿ ಆಕಾಶ, ಒಣಗಿದ ಹುಲ್ಲು, ಹನಿ ನೀರಿಲ್ಲದ ಚರಂಡಿ. ವಾಹನ ಗಣತಿ ಜನವರಿಯದು, ಮಣ್ಣಿನ ಮಾದರಿ ಫೆಬ್ರವರಿಯದು. ಸಕಲೇಶಪುರದ ಸೀಮೆಯ ಬೆಟ್ಟದ ರಸ್ತೆಯ ಅಗಲೀಕರಣ, ನೆತ್ತಿಯ ಮೇಲೆ ವಾಹನ ನಿಲ್ದಾಣ, ವೀಕ್ಷಣಾ ಗೋಪುರ ಎಲ್ಲವನ್ನೂ ಬೇಸಿಗೆಯ ಬೆಟ್ಟ ನೋಡಿ ಬರೆದಿದ್ದೀರಿ. ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಎಂದು ಕಾಗದ ಹಿಡಿದು ಕುಳಿತಿದ್ದೇನೆ.

ಮಲೆನಾಡಿನ ರೈತರು ಮಳೆಗೆ ನಕ್ಷತ್ರದ ಹೆಸರಿಟ್ಟು ಲೆಕ್ಕ ಹಿಡಿಯುತ್ತಾರೆ. ನೀನೂ ಒಮ್ಮೆ ಆ ಲೆಕ್ಕ ಹಾಕಿ ನೋಡು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿ, ಬದಿಯ ಚಹಾದಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿದಾಗ ಪುನರ್ವಸು ಮಳೆ ಹೊಯ್ಯುತ್ತಿತ್ತು. ಅದಾಗಿ ಹತ್ತು ದಿನಕ್ಕೆ ಸಕಲೇಶಪುರ ಘಾಟಿಯ ಎಡಕುಮರಿ ಮತ್ತು ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣು ಕುಸಿದು, ಬೆಂಗಳೂರು–ಮಂಗಳೂರು ರೈಲುಗಳು ಸುಮಾರು ಎರಡು ವಾರ ನಿಂತವು. ಆಗ ಪುಷ್ಯ. ಜುಲೈ 30ರ ವಯನಾಡಿನ ಭೂಕುಸಿತದ ದುರಂತವೂ ಪುಷ್ಯದಲ್ಲೇ. 2018ರಲ್ಲಿ ಕೊಡಗಿನ ಬೆಟ್ಟಗಳು ಇಳಿದದ್ದು, 2019ರಲ್ಲಿ ಚಾರ್ಮಾಡಿ ಘಾಟಿ ಅಲ್ಲಲ್ಲಿ ಕುಸಿದದ್ದು ಆಗಸ್ಟ್‌ನ ಆಶ್ಲೇಷ ಮಳೆಗೆ. ಪುನರ್ವಸುವಿನಿಂದ ಆಶ್ಲೇಷದವರೆಗೆ ಆರು ವಾರ. ಘಾಟಿಯ ರಸ್ತೆಯ ಅಳಿವು ಉಳಿವು ತೀರ್ಮಾನವಾಗುವ ಆ ಆರು ವಾರಗಳ ಒಂದು ದಿನವೂ ನಿನ್ನ ವರದಿಯಲ್ಲಿಲ್ಲ.

ಫೆಬ್ರವರಿಯ ಮಣ್ಣನ್ನು ನಂಬಬೇಡ ಮಗಳೇ. ಆ ಸೀಮೆಯಲ್ಲಿ ಎಷ್ಟೋ ಕಡೆ ಮೇಲೆ ಗಟ್ಟಿ ಜಂಬಿಟ್ಟಿಗೆ ಕಲ್ಲು, ಅದರ ಅಡಿಗೆ ಬಿಳಿಚಾದ ಶೇಡಿ ಮಣ್ಣು. ಒಣಗಿದಾಗ ಅದು ಹಾರೆಗೂ ಸುಲಭಕ್ಕೆ ಬಗ್ಗದು. ಜೆಸಿಬಿಯವನು ಗೋಡೆಯಂತೆ ನೆಟ್ಟಗೆ ಕಡಿದರೂ ನಿಲ್ಲುತ್ತದೆ. ನಾಲ್ಕು ದಿನ ಬಿಡದೆ ಮಳೆ ಹಿಡಿದು ನೀರು ಒಳಗಿಳಿಯಿತೆಂದರೆ ಅದರ ಕಸುವೆಲ್ಲ ಹೋಗಿ, ಮೇಲಿನ ಜಂಬಿಟ್ಟಿಗೆಯನ್ನೂ ಮರಗಳನ್ನೂ ಹೊತ್ತುಕೊಂಡೇ ಜಾರುತ್ತದೆ.

ನಾನು ಘಾಟಿಯ ಉಪವಿಭಾಗದಲ್ಲಿದ್ದಾಗ ಒಬ್ಬ ಹಿರಿಯ ಗ್ಯಾಂಗ್‌ಮನ್ ಇದ್ದರು. ಮಳೆಗಾಲದ ಬೆಳಗುಗಳಲ್ಲಿ ಕಂಬಳಿ ಕೊಪ್ಪೆ ಹೊದ್ದು, ಗುದ್ದಲಿ ಹಿಡಿದು, ರಸ್ತೆಯ ಗುಡ್ಡದ ಬದಿಯಲ್ಲೇ ನಡೆಯುತ್ತಿದ್ದರು. ಕಣಿವೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ರಸ್ತೆಯಡಿ ನೀರು ಹಾಯುವ ಮೋರಿ ಸಿಕ್ಕಲ್ಲೆಲ್ಲ ಕುಕ್ಕರಗಾಲಲ್ಲಿ ಕುಳಿತು, ಬಾಯಿಗೆ ಅಡರಿದ ಎಲೆ, ಕೊಂಬೆ, ಉರುಳಿದ ಕಲ್ಲನ್ನು ಕೈಯಿಂದಲೇ ಎಳೆದು ಹಾಕುತ್ತಿದ್ದರು. ನೀರಿನ ಬಣ್ಣ ನೋಡಿ, ತಿಳಿಯಾಗಿದ್ದರೆ ಮುಂದೆ ಹೋಗುವುದು, ಇದ್ದಕ್ಕಿದ್ದಂತೆ ಕೆಂಪಾಗಿದ್ದರೆ ಮೇಲೆ ಹತ್ತಿ ಧರೆ, ಎಂದರೆ ಕಡಿದ ಗುಡ್ಡದ ಗೋಡೆ, ಎಲ್ಲಿ ಬಿರಿದಿದೆ ಎಂದು ಹುಡುಕುವುದು. ಘಾಟಿ ರಸ್ತೆಯ ವಿಚಾರದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಅವರ ಹಿಂದೆ ನಡೆದು ಕಲಿತದ್ದು. ನಿನ್ನ ಅಂದಾಜುಪಟ್ಟಿಯಲ್ಲಿ ಸ್ವಾಗತ ಕಮಾನಿಗೆ ಹಣವಿದೆ, ದೀಪದ ಕಂಬಗಳಿಗೆ ಹಣವಿದೆ, ಆದರೆ ಮಳೆಗಾಲದಲ್ಲಿ ಮೋರಿ ಬಿಡಿಸುವ ಆಳುಗಳಿಗೆ ಒಂದು ಸಾಲೂ ಇಲ್ಲ. ಈಗ ಎಲೆಯ ಜೊತೆಗೆ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣಗಳೂ ಸೇರಿಕೊಂಡಿವೆ. ಪೈಪು ಕಿರಿದಾದಷ್ಟೂ ಬೇಗ ಕಟ್ಟುತ್ತದೆ. ಒಬ್ಬ ಆಳು ಬಗ್ಗಿ ಒಳಹೊಕ್ಕು ಶುಚಿ ಮಾಡುವಷ್ಟು ಬಾಯಿ ಇರುವ ಮೋರಿಗಳನ್ನೇ ಬರೆ, ನೀರು ಹೊರಬೀಳುವ ಕಡೆ ಕಲ್ಲು ಹಾಸು ಹಾಕಿಸು. ಇಲ್ಲದಿದ್ದರೆ ಆ ನೀರು ಕೆಳಗಿನ ತಿರುವಿನ ಧರೆಯನ್ನೇ ಕೊರೆಯುತ್ತದೆ.

ಇನ್ನು ರಸ್ತೆಯ ಅಗಲ. ಈ ಮಾತಿಗೆ ನಿನ್ನ ಮೇಲಿನವರು ಒಪ್ಪುವುದು ಕಷ್ಟ, ಆದರೂ ನೀನು ಹೇಳಲೇಬೇಕು. ಗುಡ್ಡದ ಇಳಿಜಾರು ಅಡ್ಡಕ್ಕೆ ಒಂದು, ಎತ್ತರಕ್ಕೆ ಒಂದು ಎಂದುಕೋ. ಧರೆಯನ್ನು ಅಡ್ಡಕ್ಕೆ ಒಂದು, ಎತ್ತರಕ್ಕೆ ಎರಡರಂತೆ ಕಡಿದರೆ, ಅಗಲ ಒಂದು ಮೀಟರ್ ಹೆಚ್ಚಿದಂತೆಲ್ಲ ಧರೆಯ ಎತ್ತರ ಎರಡು ಮೀಟರ್ ಏರುತ್ತದೆ. ಅಗಲ ಎರಡು ಪಟ್ಟಾದರೆ ಕಡಿಯುವ ಮಣ್ಣು ನಾಲ್ಕು ಪಟ್ಟು. ಆ ಮಣ್ಣನ್ನು ಎಲ್ಲಿ ಹಾಕುತ್ತೀರಿ? ವರದಿಯಲ್ಲಿ ‘ಸೂಕ್ತ ಸ್ಥಳದಲ್ಲಿ ವಿಲೇವಾರಿ’ ಎಂದಿದೆ. ಬಹಳ ಕಡೆ ಆ ಸೂಕ್ತ ಸ್ಥಳವೆಂದರೆ ಕೆಳಗಿನ ಹಳ್ಳವೇ. ಅಲ್ಲಿ ಯಾರದೋ ಗದ್ದೆ, ಯಾರದೋ ಕುಡಿಯುವ ನೀರು. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಹೆದ್ದಾರಿ ಸಚಿವಾಲಯವೇ ಗುಡ್ಡಗಾಡಿನ ರಸ್ತೆಗೆ ಐದೂವರೆ ಮೀಟರ್ ಡಾಂಬರು ಸಾಕೆಂದು ಸುತ್ತೋಲೆ ಹೊರಡಿಸಿತ್ತು. ಮುಂದೆ ಅದನ್ನು ತಿದ್ದಿದರು. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಉತ್ತರಾಖಂಡದ ಚಾರ್‌ಧಾಮ್ ರಸ್ತೆಯ ಅಗಲೀಕರಣಕ್ಕೆ ಒಪ್ಪಿದ್ದು ಗಡಿಯ ರಕ್ಷಣೆಯ ಕಾರಣಕ್ಕೆ. ನಿಮ್ಮ ಬೆಟ್ಟದ ನೆತ್ತಿಗೆ ಸೇನೆ ಹೋಗಬೇಕಾಗಿಲ್ಲ. ಇರುವ ಅಗಲವನ್ನೇ ಉಳಿಸಿಕೊಂಡು, ಎದುರು ಬದುರಾದ ವಾಹನಗಳು ಸರಿದುಕೊಳ್ಳಲು ಗಟ್ಟಿ ನೆಲವಿರುವ ಕಡೆ ಮಾತ್ರ ಜಾಗ ಬಿಡಿಸಿ.

ಹಾಗಾದರೆ ಶನಿವಾರ ಭಾನುವಾರದ ಕಾರುಗಳ ಗತಿಯೇನು ಎಂದು ಕೇಳುತ್ತೀಯೆ. ಅವು ನೆತ್ತಿಗೆ ಹೋಗಲೇಬೇಕೆಂಬ ನಿಯಮವೇನೂ ಇಲ್ಲವಲ್ಲ. ನಮ್ಮ ನಂದಿಯನ್ನೇ ನೋಡು. ವಾರಾಂತ್ಯದಲ್ಲಿ ಬೆಂಗಳೂರಿನವರು ಸೂರ್ಯ ಹುಟ್ಟುವ ಮೊದಲೇ ಅಲ್ಲಿ ಸಾಲುಗಟ್ಟುತ್ತಾರೆ. ಮಲೆನಾಡಿನಷ್ಟು ಮಳೆ ಬೀಳದ ಆ ಬೆಟ್ಟದಲ್ಲೇ 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿತ್ತು. ಮುಳ್ಳಯ್ಯನಗಿರಿಗೆ 2025ರ ಸೆಪ್ಟೆಂಬರ್‌ನಿಂದ ಮುಂಗಡ ನೋಂದಣಿ ಬಂದಿದೆ. ನೀಲಗಿರಿಗೆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬೇಕು. ಇವೆಲ್ಲ ಜನ ಉಕ್ಕಿ ಹರಿದ ಮೇಲೆ ಹಾಕಿದ ಅಂಕೆಗಳು. ನಿಮಗೆ ಮೊದಲೇ ಹಾಕುವ ಅವಕಾಶವಿದೆ. ಬೆಟ್ಟದ ಬುಡದಲ್ಲಿ ಸಮತಟ್ಟಾದ ಜಾಗ ಹುಡುಕಿ ಕಾರು ನಿಲ್ಲಿಸಲಿ, ಶೌಚಾಲಯ ಅಲ್ಲೇ ಇರಲಿ, ಅಲ್ಲಿಂದ ಸಣ್ಣ ಬಸ್ಸು ಓಡಲಿ. ಊರವರ ಕ್ಯಾಂಟೀನು, ಕಾಳುಮೆಣಸು, ಜೇನುತುಪ್ಪದ ಅಂಗಡಿಗಳಿಗೂ ಬುಡದಲ್ಲೇ ವ್ಯಾಪಾರ ಹೆಚ್ಚು.

ನನಗೆ ತೀರಾ ಬೇಸರವಾದದ್ದು, ವರದಿಯಲ್ಲಿ ರೈಲಿನ ಮಾತೇ ಇಲ್ಲದ್ದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗೆ 55 ಕಿಲೋಮೀಟರ್, ಅದರಲ್ಲಿ 57 ಸುರಂಗ. ಹಿಂದಿನವರು ಪಟ್ಟ ಶ್ರಮ ಅದು. ಯಶವಂತಪುರದಿಂದ ಹೊರಡುವ ಹಗಲು ರೈಲಿಗೆ 2021ರ ಜುಲೈಯಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯನ್ನೂ ಜೋಡಿಸಿದ್ದಾರೆ. ನಿಮ್ಮ ಬೆಟ್ಟಕ್ಕೆ ಸಕಲೇಶಪುರ ನಿಲ್ದಾಣದಿಂದ ಬಸ್ಸಿನ ದಾರಿಯೇ ಇರುವಾಗ, ರೈಲಿನ ವೇಳೆಗೆ ಹೊಂದುವ ನಾಲ್ಕು ಸಣ್ಣ ಬಸ್ಸುಗಳನ್ನು ಏಕೆ ಬರೆಯಬಾರದು? ಹೊಸ ಡಾಂಬರಿಗೆ ತಗಲುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಮಳೆ ಅತಿಯಾದ ದಿನ ದಾರಿ ಮುಚ್ಚುವವರು ಯಾರು, ಎಷ್ಟು ಮಳೆ ಬಿದ್ದರೆ ಮುಚ್ಚಬೇಕು, ಮುಚ್ಚಿದಾಗ ಮೇಲಿನ ಊರಿನ ಬಸುರಿಯನ್ನು ಆಸ್ಪತ್ರೆಗೆ ತರುವ ದಾರಿ ಯಾವುದು, ಇವಕ್ಕೂ ಒಂದು ಅಧ್ಯಾಯ ಬೇಕು. ಪ್ರವಾಸಿ ಒಂದು ವಾರ ಬರದಿದ್ದರೆ ಹೋಂಸ್ಟೇಯವರಿಗೆ ನಷ್ಟ, ಅದು ನಿಜ. ಊರಿನವರಿಗೆ ಆ ರಸ್ತೆಯ ಹೊರತು ಬೇರೆ ಗತಿಯಿಲ್ಲ.

ಈ ತಿಂಗಳ ಕೊನೆಗೆ ವರದಿ ಕೊಡಬೇಕೆಂದೆಯಲ್ಲ, ಆಗಸ್ಟ್ ಮುಗಿಯುವವರೆಗೆ ಗಡುವು ಕೇಳು. ಬಾಯಿಮಾತಿನಲ್ಲಿ ಬೇಡ, ಕಾರಣ ಸಹಿತ ಬರೆದು ಕೇಳು. ಜುಲೈ 20ರಿಂದ ಆಗಸ್ಟ್ 2ರವರೆಗೆ ಪುಷ್ಯ ಮಳೆ. ಆಗ ಮೂರು ನಾಲ್ಕು ದಿನ ಅಲ್ಲೇ ಇದ್ದು, ಹಗಲು ಹೊತ್ತಿನಲ್ಲಿ, ಊರಿನವರೊಬ್ಬರನ್ನು ಜೊತೆಗಿಟ್ಟುಕೊಂಡು ಬುಡದಿಂದ ನೆತ್ತಿಯವರೆಗೆ ನಡೆ. ಹೊಸದಾಗಿ ಬಿರಿದ ಧರೆಯ ಕೆಳಗೆ ನಿಲ್ಲಬೇಡ. ಪ್ರತಿ ಮೋರಿಯ ಎರಡೂ ಬದಿಯ ಫೋಟೋ ತೆಗೆ, ನೀರು ರಸ್ತೆ ದಾಟುವ ಜಾಗವನ್ನೆಲ್ಲ ನಕ್ಷೆಯಲ್ಲಿ ಗುರುತು ಮಾಡು. ಉಂಬಳದ, ಅದೇ ಜಿಗಣೆಯ, ಕಾಟ ಇರುತ್ತದೆ, ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿ ಮರೆಯಬೇಡ. ಕರಡಿನ ಪುಟಗಳಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಟ್ಟಿದ್ದೇನೆ. ಬರುವ ಭಾನುವಾರ ಬೆಳಗ್ಗೆಯೇ ಬಾ, ನಾಲ್ಕನೆಯ ಅಧ್ಯಾಯವನ್ನು ಇಬ್ಬರೂ ಕುಳಿತು ತಿದ್ದೋಣ.

ಇಂತಿ,
ನಿನ್ನ ದೊಡ್ಡಪ್ಪ