ರೇಡಿಯೇಶನ್ ಮುಗಿದ ಮೇಲಿನ ವಾರಗಳು

ಗದಗ

ಚಿ. ಸೌ. ಶಾಂತಾಳಿಗೆ ದೊಡ್ಡವ್ವ ಮಾಡುವ ಅನೇಕ ಆಶೀರ್ವಾದಗಳು.

ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅಳಿಯಂದಿರಿಗೆ, ರೇಡಿಯೇಶನ್ ಕೊಡುವಾಗ ತಲೆ ಅಲುಗದಂತೆ ಹಿಡಿಯುವ ಮಾಸ್ಕಿನ ಅಚ್ಚು ತೆಗೆದರೆಂದು ನಿನ್ನ ತಮ್ಮ ತಿಳಿಸಿದ. ವಾರಕ್ಕೆ 5 ದಿನದಂತೆ ಬಾಯಿ-ಗಂಟಲಿನ ಭಾಗಕ್ಕೆ 35 ಸಲ ರೇಡಿಯೇಶನ್, ಅಂದರೆ ಏಳು ವಾರ. ಕೊನೆಯ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಅಲ್ಲಿಯವರೆಗೆ ಹೇಗಾದರೂ ದಾಟಿದರೆ ಸಾಕು ಎನ್ನುತ್ತಿದ್ದೀಯಂತೆ. ಅದಕ್ಕೇ ಬರೆಯುತ್ತಿದ್ದೇನೆ. ಎರಡು-ಮೂರನೆಯ ವಾರದಿಂದ ಬಾಯಿ ಹುಣ್ಣಾಗುತ್ತದೆ, ರುಚಿ ಹೋಗುತ್ತದೆ, ಜೊಲ್ಲು ಅಂಟಂಟಾಗುತ್ತದೆ. ನೋವು ಎಲ್ಲಕ್ಕಿಂತ ಹೆಚ್ಚುವುದು ರೇಡಿಯೇಶನ್ ಮುಗಿದ ನಂತರದ ಒಂದೆರಡು ವಾರ. ನಿನ್ನ ದೊಡ್ಡಪ್ಪನವರ ಆರೈಕೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಅಷ್ಟರಲ್ಲಿ ಬಳಗದವರು ‘ಎಲ್ಲ ಮುಗಿಯಿತಲ್ಲ’ ಎಂದು ಊರಿಗೆ ಹೊರಟಿರುತ್ತಾರೆ. ತಮ್ಮನ ರಜೆಯನ್ನು ಈಗಲೇ ತೀರಿಸಬೇಡ, ಆ ವಾರಗಳಿಗೆ ಉಳಿಸು. ಆಗ ನಾನೂ ಬಂದು ಇರುತ್ತೇನೆ. ರಾತ್ರಿಯ ಪಾಳಿ ನನ್ನದು.

ತುತ್ತಿಗಾಗಿ ಜಗಳ ಮಾಡಬೇಡ. ನಿನ್ನ ಕೈಯಡುಗೆ ಮೆಚ್ಚುತ್ತಿದ್ದವರೇ ತಟ್ಟೆ ಸರಿಸುತ್ತಾರೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ, ಅವರಿಗೆ ನೀರೇ ಗಂಟಲು ಉರಿಸುತ್ತಿರುತ್ತದೆ. ಖಾರ, ಹುಳಿ ಬಿಟ್ಟು ಹೆಸರುಬೇಳೆಯ ಗಂಜಿ, ತುಪ್ಪ-ಹಾಲು ಹಾಕಿ ನುಣ್ಣಗೆ ಮಾಡಿದ ಗೋಧಿ ಹುಗ್ಗಿ, ಮೊಟ್ಟೆ, ಹೀಗೆ ಸ್ವಲ್ಪ ಸ್ವಲ್ಪ ಹಲವು ಸಲ ಕೊಡು. ನೋವಿನ ಔಷಧಿಯನ್ನು ಊಟಕ್ಕೆ ಮೊದಲು ಕೊಡಬಹುದೇ ಎಂದು ಕೇಳು. ವಾರವಾರ ತೂಕ ಬರೆದಿಡು. ತೂಕ ಇಳಿಯುತ್ತಲೇ ಹೋಗಿ ಮೂಗಿನಿಂದ ಆಹಾರದ ನಳಿಗೆ ಹಾಕೋಣ ಎಂದು ವೈದ್ಯರು ಹೇಳಿದರೆ ಹೆದರಿ ತಡೆಯಬೇಡ. ನಳಿಗೆ ಇದ್ದಾಗಲೂ ಅವರು ಕಲಿಸಿದ ನುಂಗುವ ವ್ಯಾಯಾಮ ತಪ್ಪಬಾರದು. ಕೆಲಸವಿಲ್ಲದ ಗಂಟಲು ನುಂಗುವುದನ್ನೇ ಮರೆಯುತ್ತದೆ. ಉಪ್ಪು, ಅಡುಗೆ ಸೋಡಾ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಲಿ. ಕುತ್ತಿಗೆ ಕಪ್ಪಾಯಿತೆಂದು ಯಾರು ಹೇಳಿದರೂ ಅರಿಶಿನ, ಎಣ್ಣೆ ಹಚ್ಚಬೇಡ. ಜೊತೆಗೆ ಕೀಮೋ (ಕ್ಯಾನ್ಸರಿನ ಔಷಧಿ) ನಡೆದಿದ್ದರೆ, ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿ.

ನೋಡಲು ಬಂದವರು ಗುಟ್ಕಾದ ಮಾತು ತೆಗೆದರೆ ನೀನೇ ತಡೆ. ಅಳಿಯಂದಿರು ಅದನ್ನು ಬಿಟ್ಟಿದ್ದಾರೆ, ಮತ್ತೆ ಮುಟ್ಟದಂತೆ ಕಾಯುವುದಷ್ಟೇ ಈಗಿನ ಕೆಲಸ. ಮಾತಾಡಲು ನೋವಾಗುತ್ತದೆ, ಮಗಳ ಪಾಟಿಯನ್ನು ಹಾಸಿಗೆಯ ಪಕ್ಕದಲ್ಲಿಡು. ಅವರು ಸುಮ್ಮನಿದ್ದರೆ ಸಿಟ್ಟೆಂದು ತಿಳಿಯಬೇಡ. ಮುಂದೆ ಎಷ್ಟೇ ವರ್ಷವಾಗಲಿ, ಹಲ್ಲು ಕೀಳಿಸಬೇಕಾದರೆ ರೇಡಿಯೇಶನ್ ಆದದ್ದನ್ನು ಮೊದಲೇ ಹೇಳಬೇಕು. ಇಲ್ಲವಾದರೆ ಗಾಯ ಮಾಯದೆ ದವಡೆಯ ಎಲುಬೇ ಕೆಡುವ ಭಯವಿದೆ.

ಹೊತ್ತುಹೊತ್ತಿಗೆ ನೀನೂ ಉಣ್ಣು. ಅವರ ಎದುರಿಗೆ ತುತ್ತು ಇಳಿಯದಿದ್ದರೆ ಪಕ್ಕದ ಮನೆಯಲ್ಲಿ ಕುಳಿತಾದರೂ ಉಣ್ಣು.

ನಿನ್ನ ದೊಡ್ಡವ್ವ